ಸ್ಪರ್ಧೆಯ ಹಾಡು, ಸನ್ನೆಯ ಹಾಡು

ಯೂರೋವಿಷನ್ ಗಾಯನ ಸ್ಪರ್ಧೆ ಮೊದಲ ಸಲ ನಡೆದದ್ದು 1956ರ ಮೇ 24ರಂದು, ಸ್ವಿಟ್ಜರ್ಲೆಂಡಿನ ಲುಗಾನೊ ಊರಿನಲ್ಲಿ. ಏಳು ದೇಶಗಳು ತಲಾ ಎರಡು ಹಾಡು ತಂದಿದ್ದವು. ಗೆದ್ದವರು ಆತಿಥೇಯ ದೇಶದ ಲಿಸ್ ಅಸಿಯಾ. ಇಟಲಿಯ ಸಾನ್ ರೆಮೊ ಹಾಡುಹಬ್ಬವನ್ನು ಮಾದರಿಯಾಗಿಟ್ಟುಕೊಂಡು ಈ ಸ್ಪರ್ಧೆಯನ್ನು ರೂಪಿಸಿದ್ದು ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್. ಹಲವು ದೇಶಗಳ ಟಿವಿ ಜಾಲಗಳನ್ನು ಒಂದೇ ಹೊತ್ತಿಗೆ ಬೆಸೆದು ನೇರ ಪ್ರಸಾರ ಮಾಡುವ ಪ್ರಯೋಗವೂ ಅದಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಹನ್ನೊಂದು ವರ್ಷ. ಹಾಡು ರಾಜಕೀಯದ ಗೊಡವೆಗೆ ಹೋಗಬಾರದು ಎಂಬ ಆಶಯ ಈ ವೇದಿಕೆಗೆ ಮೊದಲಿನಿಂದಲೂ ಇತ್ತು. ಆದರೆ ಅಲ್ಲಿ ಗಾಯಕರ ಹೆಸರಿಗಿಂತ ಮೊದಲು ದೇಶದ ಹೆಸರು ಕೂಗುತ್ತಾರೆ, ಹಾಡನ್ನು ಆರಿಸಿ ಕಳಿಸುವುದು ಆ ದೇಶದ ಪ್ರಸಾರ ಸಂಸ್ಥೆ, ಅಂಕ ಕೊಡುವುದು ನೆರೆಹೊರೆಯ ದೇಶಗಳು. ಇಂಥ ಏರ್ಪಾಟಿನಲ್ಲಿ ಹಾಡಿನ ಹಿಂದೆ ದೇಶ ಏನು ಹೇಳುತ್ತಿದೆ ಎಂದು ಕೇಳುಗರು ಹುಡುಕತೊಡಗಿದ್ದು ಸಹಜವಾಗಿತ್ತು.

ಈ ಹುಡುಕಾಟ ಮೊದಲು ತೀವ್ರವಾದದ್ದು ಸರ್ವಾಧಿಕಾರವಿದ್ದ ಎರಡು ದೇಶಗಳ ಸುತ್ತ. ಸ್ಪೇನ್ 1961ರಲ್ಲಿ, ಪೋರ್ಚುಗಲ್ 1964ರಲ್ಲಿ ಸ್ಪರ್ಧೆಗೆ ಬಂದವು. 1964ರಲ್ಲಿ ಕೋಪನ್‌ಹೇಗನ್ನಿನ ವೇದಿಕೆಗೆ ಒಬ್ಬ ವ್ಯಕ್ತಿ ನುಗ್ಗಿ, ಆ ದೇಶಗಳನ್ನು ಆಳುತ್ತಿದ್ದ ಫ್ರಾಂಕೊ ಮತ್ತು ಸಲಜಾರ್ ಅವರನ್ನು ಬಹಿಷ್ಕರಿಸಿ ಎಂಬ ಫಲಕ ಎತ್ತಿ ಹಿಡಿದ. ಅದು ಹೊರಗಿನಿಂದ ಬಂದ ಪ್ರತಿಭಟನೆ. 1968ರಲ್ಲಿ ಸ್ಪೇನಿನ ಹಾಡೇ ವಿವಾದವಾಯಿತು. ‘ಲಾ ಲಾ ಲಾ’ ಎಂಬ ಆ ಹಾಡನ್ನು ಹಾಡಬೇಕಿದ್ದ ಜುವಾನ್ ಮಾನ್ಯುಯೆಲ್ ಸೆರಾಟ್, ತನ್ನ ತಾಯ್ನುಡಿಯಾದ ಕತಲಾನಿನಲ್ಲೇ ಹಾಡುವೆನೆಂದು ಹಟ ಹಿಡಿದರು. ಫ್ರಾಂಕೊ ಆಳ್ವಿಕೆ ಆ ಭಾಷೆಯನ್ನು ಸಾರ್ವಜನಿಕ ಬದುಕಿನಿಂದ ಅದುಮಿಟ್ಟಿತ್ತು. ಸರ್ಕಾರಿ ಟಿವಿ ಒಪ್ಪಲಿಲ್ಲ, ಸೆರಾಟ್ ಮಣಿಯಲಿಲ್ಲ. ಕಡೇ ಗಳಿಗೆಯಲ್ಲಿ ಮಾಸಿಯೆಲ್ ಎಂಬ ಗಾಯಕಿಯನ್ನು ಕಳಿಸಲಾಯಿತು. ಲಂಡನ್ನಿನಲ್ಲಿ ಆಕೆ ಸ್ಪ್ಯಾನಿಷ್‌ನಲ್ಲಿ ಹಾಡಿ, ಬ್ರಿಟನ್ನಿನ ಕ್ಲಿಫ್ ರಿಚರ್ಡ್ ಅವರನ್ನು ಒಂದೇ ಒಂದು ಅಂಕದಿಂದ ಹಿಂದಿಕ್ಕಿ ಗೆದ್ದರು. ಹಾಡಿನ ಪಲ್ಲವಿಯಲ್ಲಿ ಅರ್ಥವಿರುವ ಪದವೇ ಇರಲಿಲ್ಲ. ಅದನ್ನು ಯಾವ ನುಡಿಯಲ್ಲಿ ಹಾಡುತ್ತಾರೆ ಎಂಬುದೇ ಅದರ ಅರ್ಥವಾಗಿಬಿಟ್ಟಿತ್ತು.

ಪೋರ್ಚುಗಲ್ಲಿನ ಕೇಳುಗರು ಹಾಡಿನ ಹಿಂದಿನ ಮಾತು ಹುಡುಕುವ ಈ ವಿದ್ಯೆಯಲ್ಲಿ ಇನ್ನೂ ಪಳಗಿದವರು. ಸಲಜಾರ್ 1932ರಿಂದ 1968ರವರೆಗೆ ಪ್ರಧಾನಿಯಾಗಿದ್ದರು, ಅವರ ನಂತರ ಮಾರ್ಸೆಲು ಕಯೆತಾನು ಬಂದರು. ಪತ್ರಿಕೆ, ನಾಟಕ, ಹಾಡು ಎಲ್ಲವೂ ಸೆನ್ಸಾರಿನ ನೀಲಿ ಪೆನ್ಸಿಲಿನ ಕೆಳಗೆ ಹಾದುಹೋಗಬೇಕಿತ್ತು. ನೇರ ಮಾತು ದಕ್ಕದ ಕಡೆ ಕವಿಗಳು ಓರೆ ಮಾತು ಕಲಿಯುತ್ತಾರೆ, ಕೇಳುಗರು ಓರೆ ಕಿವಿ ಕಲಿಯುತ್ತಾರೆ. 1973ರ ರಾಷ್ಟ್ರೀಯ ಆಯ್ಕೆ ಸ್ಪರ್ಧೆಯಲ್ಲಿ ಗೆದ್ದ ‘ತೊರಾದ’ ಇದಕ್ಕೆ ಒಳ್ಳೆಯ ನಿದರ್ಶನ. ಹೆಸರಿನ ಅರ್ಥ ಗೂಳಿ ಕಾಳಗ. ಸಾಹಿತ್ಯ ಅರಿ ದುಸ್ ಸಾಂತುಸ್ ಅವರದು, ಹಾಡಿದವರು ಫೆರ್ನಾಂದು ತೊರ್ದು. ಮೇಲ್ನೋಟಕ್ಕೆ ಅದು ಅಖಾಡದ ವರ್ಣನೆ. ಕೇಳಿದವರಿಗೆ ಅಖಾಡದಲ್ಲಿ ಕಂಡದ್ದು ತಮ್ಮ ದೇಶ, ಅಲ್ಲಿ ಮೆರೆಯುತ್ತಿದ್ದವರು ಆಳುವ ಜನ. ಸೆನ್ಸಾರಿನವರು ಹಾಡನ್ನು ಬಿಟ್ಟುಕೊಟ್ಟರು, ಅದು ಯೂರೋವಿಷನ್ ವೇದಿಕೆಗೂ ಹೋಯಿತು. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ವಾಚ್ಯಾರ್ಥ ಸೆನ್ಸಾರಿಗೆ, ಧ್ವನಿ ಸಹೃದಯರಿಗೆ ಸಂದಿತು.

ಮರುವರ್ಷದ ಹಾಡಿನ ಕಥೆ ಬೇರೆಯೇ. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ನಡೆದ ಸ್ಪರ್ಧೆಯನ್ನು ಜಗತ್ತು ನೆನೆಯುವುದು ಸ್ವೀಡನ್ನಿನ ಅಬ್ಬಾ ತಂಡದ ‘ವಾಟರ್ಲೂ’ ಹಾಡಿಗಾಗಿ. ನೆಪೋಲಿಯನ್ ಸೋತ ಯುದ್ಧಭೂಮಿಯ ಹೆಸರು ಹೊತ್ತ ಆ ಹಾಡಿನಲ್ಲಿ ಯಾರೂ ರಾಜಕೀಯ ಹುಡುಕಲಿಲ್ಲ. ಹುಡುಕಾಟ ನಡೆದದ್ದು ಎರಡನೆಯ ಸ್ಥಾನ ಪಡೆದ ಇಟಲಿಯ ಹಾಡಿನಲ್ಲಿ. ಜಿಲಿಯೋಲಾ ಚಿಂಕ್ವೆತ್ತಿ ಹಾಡಿದ ಆ ಪ್ರೇಮಗೀತೆಯ ಹೆಸರು ‘ಸೀ’, ಅಂದರೆ ‘ಹೌದು’. ಪ್ರಿಯಕರನಿಗೆ ಹೆಣ್ಣೊಬ್ಬಳು ಹೌದು ಎನ್ನುತ್ತಾಳೆ, ಮತ್ತೆ ಮತ್ತೆ ಎನ್ನುತ್ತಾಳೆ. ಅದೇ ವರ್ಷದ ಮೇ ತಿಂಗಳಲ್ಲಿ ಇಟಲಿಯಲ್ಲಿ ವಿಚ್ಛೇದನ ಕಾನೂನನ್ನು ರದ್ದು ಮಾಡಬೇಕೇ ಎಂಬ ಪ್ರಶ್ನೆಗೆ ಜನಮತಗಣನೆ ಇತ್ತು. ರದ್ದು ಮಾಡಬೇಕು ಎನ್ನುವವರು ಹಾಕಬೇಕಿದ್ದ ಮತ ‘ಸೀ’. ಪ್ರೇಮಗೀತೆ ಪ್ರಚಾರಗೀತೆಯಾದೀತು ಎಂಬ ಅಂಜಿಕೆಯಿಂದ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ಸ್ಪರ್ಧೆಯ ಪ್ರಸಾರವನ್ನು ಮತದಾನ ಮುಗಿಯುವವರೆಗೆ ತಡೆಹಿಡಿಯಿತು. ತನ್ನದೇ ದೇಶದ ಗಾಯಕಿ ಎರಡನೆಯವಳಾಗಿ ಬಂದದ್ದನ್ನು ಇಟಲಿ ನೇರವಾಗಿ ನೋಡಲಿಲ್ಲ. ಮೇ 12 ಮತ್ತು 13ರ ಮತದಾನದಲ್ಲಿ ಶೇ. 59ರಷ್ಟು ಮಂದಿ ‘ಇಲ್ಲ’ ಎಂದರು, ವಿಚ್ಛೇದನದ ಹಕ್ಕು ಉಳಿಯಿತು.

ಅದೇ ವೇದಿಕೆಯಲ್ಲಿ ಪೋರ್ಚುಗಲ್ಲಿನ ಪೌಲು ದೆ ಕರ್ವಾಲ್ಯು ಹಾಡಿದ ‘ಇ ದೆಪೋಯಿಸ್ ದು ಅದೆಯುಸ್’ ಕೇವಲ ಮೂರು ಅಂಕ ಪಡೆದು, ಇನ್ನೂ ಮೂರು ದೇಶಗಳ ಜೊತೆ ಕಡೆಯ ಸ್ಥಾನದಲ್ಲಿ ನಿಂತಿತು. ‘ವಿದಾಯದ ನಂತರ’ ಎಂದು ಅದರ ಹೆಸರಿನ ಅರ್ಥ. ಜೊಸೆ ನಿಜಾ ಬರೆದು ಜೊಸೆ ಕಲ್ವಾರಿಯು ರಾಗ ಹಾಕಿದ, ಮುರಿದುಹೋದ ಒಲವಿನ ಹಾಡು. ಬ್ರೈಟನ್ನಿನಲ್ಲಿ ಕೇಳಿದ ಯಾರೂ ಅದನ್ನು ನೆನಪಿಡುವ ಕಾರಣವಿರಲಿಲ್ಲ. ಹದಿನೆಂಟು ದಿನಗಳಾದ ಮೇಲೆ ಅದೇ ಹಾಡು ಯುರೋಪಿನ ಅತ್ಯಂತ ಹಳೆಯ ಸರ್ವಾಧಿಕಾರವೊಂದನ್ನು ಕೆಡವುವ ಕೆಲಸಕ್ಕೆ ಸನ್ನೆಯಾಯಿತು.

ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಹದಿಮೂರು ವರ್ಷಗಳಿಂದ ನಡೆಯುತ್ತಿದ್ದ ವಸಾಹತು ಯುದ್ಧಗಳಿಂದ ಬೇಸತ್ತ ಪೋರ್ಚುಗೀಸ್ ಸೇನೆಯ ಕಿರಿಯ ಅಧಿಕಾರಿಗಳು ದಂಗೆಗೆ ಸಿದ್ಧರಾಗಿದ್ದರು. ಮಾರ್ಚ್ 16ರಂದು ಕಾಲ್ದಸ್ ದ ರಯಿನ್ಯ ಪಟ್ಟಣದಿಂದ ಹೊರಟ ತುಕಡಿಯೊಂದು ಒಂಟಿಯಾಗಿ ಉಳಿದು ವಿಫಲವಾಗಿತ್ತು. ಎಲ್ಲ ತುಕಡಿಗಳೂ ಏಕಕಾಲಕ್ಕೆ ಏಳಬೇಕು, ಗುಪ್ತ ಪೊಲೀಸರಿಗೆ ವಾಸನೆಯೂ ಬಡಿಯಬಾರದು. ಟೆಲಿಫೋನು ನಂಬುವಂತಿರಲಿಲ್ಲ. ಯೋಜನೆಯ ಸೂತ್ರ ಹಿಡಿದಿದ್ದ ಮೇಜರ್ ಓತೆಲು ಸರಾಯಿವ ದೆ ಕರ್ವಾಲ್ಯು ರೇಡಿಯೊವನ್ನು ಆರಿಸಿಕೊಂಡರು. ಸನ್ನೆಗೆ ಮೊದಲು ಯೋಚನೆಯಲ್ಲಿದ್ದದ್ದು ಜೊಸೆ ಅಫೋನ್ಸು ಎಂಬ ಪ್ರತಿರೋಧದ ಗಾಯಕನ ಬೇರೊಂದು ಹಾಡು. ಅಂಥ ಹಾಡು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಅನುಮಾನ ಏಳದೆ ಇರುವುದಿಲ್ಲ. ಇತ್ತೀಚೆಗಷ್ಟೇ ದೇಶವನ್ನು ಪ್ರತಿನಿಧಿಸಿ ಬಂದ ಸ್ಪರ್ಧೆಯ ಹಾಡಾದರೆ ದಿನಕ್ಕೆ ಹತ್ತು ಸಲ ಕೇಳಿಸಿದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಲಿಸ್ಬನ್ನಿನ ಎಮಿಸೊರೆಸ್ ಅಸೊಸಿಯಾದುಸ್ ಕೇಂದ್ರದ ನಿರೂಪಕ ಜುವಾಂವ್ ಪೌಲು ದಿನಿಸ್ ಸಮಯ ಹೇಳಿ, ಗಾಯಕನ ಹೆಸರು ಹೇಳಿ, ಆ ವರ್ಷದ ಯೂರೋವಿಷನ್ ಹಾಡನ್ನು ಹಾಕಿದರು. ಮಲಗಲು ಹೊರಟಿದ್ದ ಊರಿಗೆ ಅದು ಒಂದು ಸಿನಿಮಾ ಹಾಡಿನಷ್ಟೇ ಮಾಮೂಲು. ಬ್ಯಾರಕ್ಕುಗಳಲ್ಲಿ ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತಿದ್ದವರಿಗೆ ಮಾತ್ರ ಅದು ಸಿದ್ಧರಾಗಿ ಎಂಬ ಆಜ್ಞೆ. ಆ ಕೇಂದ್ರದ ಪ್ರಸಾರ ಲಿಸ್ಬನ್ ಸುತ್ತಮುತ್ತ ಮಾತ್ರ ತಲುಪುತ್ತಿತ್ತು. ದೇಶವಿಡೀ ಕೇಳುವ ಎರಡನೆಯ ಸನ್ನೆ ಬೇಕಿತ್ತು. ನಡುರಾತ್ರಿ ಕಳೆದು 12 ಗಂಟೆ 20 ನಿಮಿಷಕ್ಕೆ ಚರ್ಚಿನ ಒಡೆತನದ ರೇಡಿಯೊ ರೆನಶೆನ್ಸದಲ್ಲಿ ಅಫೋನ್ಸು ಅವರ ‘ಗ್ರಾಂದೊಲ, ವಿಲ ಮೊರೇನ’ ಕೇಳಿಸಿತು. ಜಲ್ಲಿಯ ಮೇಲೆ ಹೆಜ್ಜೆ ಹಾಕುವ ಸದ್ದಿನಿಂದ ಶುರುವಾಗುವ ಧ್ವನಿಮುದ್ರಿಕೆ ಅದು. ದಕ್ಷಿಣದ ಅಲೆಂತೇಜು ಸೀಮೆಯ ಪುಟ್ಟ ಊರೊಂದರ ಸೋದರತ್ವವನ್ನು ಅದು ಹಾಡುತ್ತದೆ. ಇನ್ನು ಹಿಂದಿರುಗುವಂತಿಲ್ಲ ಎಂದು ತುಕಡಿಗಳು ಹೊರಟವು. ಸಂಜೆಯ ಹೊತ್ತಿಗೆ ಕಯೆತಾನು ಕಾರ್ಮು ಬ್ಯಾರಕ್ಕಿನಲ್ಲಿ ಶರಣಾದರು. ಬೀದಿಯಲ್ಲಿ ಜನ ಸೈನಿಕರ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು, ಕ್ರಾಂತಿಗೆ ಆ ಹೂವಿನ ಹೆಸರೇ ನಿಂತಿತು.

ಎರಡೂ ಹಾಡುಗಳ ನಡುವಿನ ಅಂತರ ಗಮನಿಸಬೇಕಾದ್ದು. ‘ಗ್ರಾಂದೊಲ’ ಹಾಡಿಗೆ ತನ್ನದೇ ಆದ ರಾಜಕೀಯವಿತ್ತು, ಬಳಸಿದವರು ಅದನ್ನು ಅರಿತೇ ಬಳಸಿದರು. ಸ್ಪರ್ಧೆಯ ಹಾಡಿನಲ್ಲಿ ಧ್ವನಿಯೂ ಇಲ್ಲ, ವ್ಯಂಗ್ಯಾರ್ಥವೂ ಇಲ್ಲ. ಅದರಲ್ಲಿ ಏನೂ ಇರಲಿಲ್ಲ ಎಂಬುದಕ್ಕಾಗಿಯೇ ಅದನ್ನು ಆರಿಸಲಾಗಿತ್ತು. ಆದರೆ ಇಂದು ಪೋರ್ಚುಗಲ್ಲಿನಲ್ಲಿ ಆ ಹಾಡು ಕೇಳಿದರೆ ಮುರಿದ ಪ್ರೇಮ ಯಾರಿಗೂ ನೆನಪಾಗುವುದಿಲ್ಲ. ವಿದಾಯ ಎಂಬ ಪದವೇ ಹಳೆಯ ಆಳ್ವಿಕೆಗೆ ಹೇಳಿದ ವಿದಾಯವಾಗಿ ಕೇಳಿಸುತ್ತದೆ. ಕವಿ ಇಡದ ಅರ್ಥವನ್ನು ಒಂದು ರಾತ್ರಿ ಅದಕ್ಕೆ ಇಟ್ಟು ಹೋಯಿತು.

ಆ ರಾತ್ರಿಯ ಪರಿಣಾಮ ಕರ್ನಾಟಕದ ಕರಾವಳಿಯ ನೆರೆಗೂ ಮುಟ್ಟಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದಾಗ ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿ ಭಾರತೀಯ ನಾವಿಕರು ಜೀವ ತೆತ್ತಿದ್ದರು. ಸಲಜಾರ್ ಸರ್ಕಾರ ಆ ಸೋಲನ್ನು ಕೊನೆಗೂ ಒಪ್ಪಿರಲಿಲ್ಲ. ಕ್ರಾಂತಿಯ ನಂತರ ಬಂದ ಸರ್ಕಾರ 1974ರ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಲ್ಲಿ ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು.

ಸ್ಪರ್ಧೆಯ ವೇದಿಕೆಯೇ ಜಗಳದ ಕಣವಾದದ್ದು ಕಾರ್ನೇಷನ್ ಕ್ರಾಂತಿಯಾದ ಎರಡು ವರ್ಷಕ್ಕೆ. 1974ರ ಬೇಸಿಗೆಯಲ್ಲಿ ತುರ್ಕಿ ಸೇನೆ ಸೈಪ್ರಸ್ ದ್ವೀಪಕ್ಕೆ ಇಳಿದಿತ್ತು. 1975ರಲ್ಲಿ ತುರ್ಕಿ ಮೊದಲ ಸಲ ಸ್ಪರ್ಧೆಗೆ ಬಂದಾಗ ಗ್ರೀಸ್ ಹೊರಗುಳಿಯಿತು. 1976ರಲ್ಲಿ ಗ್ರೀಸ್ ಬಂತು, ತುರ್ಕಿ ಇರಲಿಲ್ಲ. ಹೇಗ್ ನಗರದ ವೇದಿಕೆಯಲ್ಲಿ ಮರೀಜಾ ಕೋಖ್ ಹಾಡಿದ ‘ಪನಯೀಯಾ ಮು, ಪನಯೀಯಾ ಮು’ ಮೇರಿಮಾತೆಯನ್ನು ಕರೆದು ಅಳುವ ಶೋಕಗೀತೆ. ನೇಪಾಮ್ ಬಾಂಬು, ನಿರಾಶ್ರಿತರ ಗುಡಾರ ಅದರ ಸಾಹಿತ್ಯದಲ್ಲೇ ಇದ್ದವು, ಇಲ್ಲಿ ಗೂಢಾರ್ಥ ಬಿಡಿಸುವ ಪ್ರಮೇಯವೇ ಇರಲಿಲ್ಲ. ತುರ್ಕಿಯ ಟಿವಿ ಸ್ಪರ್ಧೆಯನ್ನು ಪ್ರಸಾರ ಮಾಡುತ್ತಾ ಈ ಹಾಡಿನ ಹೊತ್ತಿಗೆ ಅದನ್ನು ಕತ್ತರಿಸಿ, ಅಯ್ತೆನ್ ಅಲ್ಪ್‌ಮನ್ ಹಾಡಿದ ‘ಮೆಮ್ಲೆಕೆತಿಮ್’ ಅಂದರೆ ‘ನನ್ನ ನಾಡು’ ಎಂಬ ದೇಶಭಕ್ತಿ ಗೀತೆಯನ್ನು ತೋರಿಸಿತು. 1972ರಲ್ಲಿ ಹೊರಬಂದು, ಸೈಪ್ರಸ್ ಕಾರ್ಯಾಚರಣೆಯ ದಿನಗಳಲ್ಲಿ ಮನೆಮಾತಾದ ಹಾಡು ಅದು. ಅದರ ಮಟ್ಟು ಮಾತ್ರ ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಹಾಡೊಂದರದು, ಫ್ರೆಂಚ್ ರೂಪದ ಮೂಲಕ ತುರ್ಕಿಗೆ ಬಂದದ್ದು. ಒಬ್ಬ ರಬ್ಬಿಯ ಖುಷಿಯನ್ನು ಹೇಳುತ್ತಿದ್ದ ಮಟ್ಟು ಇನ್ನೊಂದು ನಾಡಿನ ಸೈನಿಕ ಅಭಿಮಾನವನ್ನು ಹೊತ್ತು ನಿಂತಿತು.

ಸಾಹಿತ್ಯ, ಮಾತು, ಹಾವಭಾವ ಯಾವುದರಲ್ಲೂ ರಾಜಕೀಯ ಇರಕೂಡದು ಎಂಬ ನಿಯಮ ಸ್ಪರ್ಧೆಯಲ್ಲಿದೆ. ಸೋವಿಯತ್ ಒಕ್ಕೂಟ ಒಡೆದು ಹೊಸ ದೇಶಗಳು ಬಂದ ಮೇಲೆ ಈ ನಿಯಮಕ್ಕೆ ಕೈತುಂಬ ಕೆಲಸ ಸಿಕ್ಕಿತು. 2009ರಲ್ಲಿ ಸ್ಪರ್ಧೆ ಮಾಸ್ಕೋದಲ್ಲಿತ್ತು. ಹಿಂದಿನ ಆಗಸ್ಟಿನಲ್ಲಷ್ಟೇ ರಷ್ಯಾದೊಡನೆ ಯುದ್ಧ ಮಾಡಿದ್ದ ಜಾರ್ಜಿಯಾ ‘ವಿ ಡೋಂಟ್ ವಾನ್ನ ಪುಟ್ ಇನ್’ ಎಂಬ ಹಾಡು ಆರಿಸಿತು. ಕೊನೆಯ ಎರಡು ಪದ ಕೂಡಿಸಿ ಹೇಳಿದರೆ ರಷ್ಯಾದ ನಾಯಕನ ಹೆಸರು. ಬದಲಿಸಿ ಎಂದು ಪ್ರಸಾರ ಒಕ್ಕೂಟ ಹೇಳಿತು, ಜಾರ್ಜಿಯಾ ಬದಲಿಸದೆ ಹಿಂದೆ ಸರಿಯಿತು. 2015ರಲ್ಲಿ, ಅರ್ಮೇನಿಯನ್ನರ ನರಮೇಧಕ್ಕೆ ನೂರು ವರ್ಷ ತುಂಬಿದಾಗ, ಅರ್ಮೇನಿಯಾದ ಹಾಡಿನ ‘ನಿರಾಕರಿಸಬೇಡ’ ಎಂಬ ಅರ್ಥದ ಹೆಸರು ಬದಲಾಯಿತು. 2024ರಲ್ಲಿ ಇಸ್ರೇಲಿನ ‘ಅಕ್ಟೋಬರ್ ರೇನ್’ ಹೆಸರೂ ಸಾಹಿತ್ಯವೂ ಬದಲಾಗಿ ‘ಹರಿಕೇನ್’ ಎಂದಾಯಿತು. ಹೀಗೆ ತಿದ್ದಿದ ಹಾಡನ್ನು ಜನ ಇನ್ನೂ ಹೆಚ್ಚು ಗಮನವಿಟ್ಟು ಕೇಳುತ್ತಾರೆ. ಅಳಿಸಿದ ಹೆಸರೇ ಮೊದಲು ನೆನಪಿಗೆ ಬರುತ್ತದೆ.

ನಿಯಮದ ಗೆರೆ ಎಲ್ಲಿದೆ ಎಂಬ ಪ್ರಶ್ನೆ ನಿಜಕ್ಕೂ ಎದುರಾದದ್ದು 2016ರಲ್ಲಿ. ಉಕ್ರೇನಿನ ಜಮಾಲಾ ತಂದ ಹಾಡಿನ ಹೆಸರು ‘1944’. ಆ ವರ್ಷದ ಮೇ ತಿಂಗಳಲ್ಲಿ ಸ್ಟಾಲಿನ್ ಆಜ್ಞೆಯಂತೆ ಕ್ರಿಮಿಯಾದ ತಾತಾರರನ್ನು, ಸುಮಾರು ಎರಡು ಲಕ್ಷ ಜನರನ್ನು, ಮುಚ್ಚಿದ ರೈಲು ಡಬ್ಬಿಗಳಲ್ಲಿ ತುಂಬಿ ಮುಖ್ಯವಾಗಿ ಮಧ್ಯ ಏಷ್ಯಾಕ್ಕೆ ಅಟ್ಟಲಾಯಿತು. ಜಮಾಲಾ ಅವರ ಮುತ್ತಜ್ಜಿ ಐದು ಮಕ್ಕಳೊಡನೆ ಆ ರೈಲಿನಲ್ಲಿದ್ದರು, ಒಬ್ಬ ಮಗಳು ದಾರಿಯಲ್ಲೇ ತೀರಿಕೊಂಡಳು. ಮುತ್ತಜ್ಜ ಆಗ ಕೆಂಪು ಸೇನೆಯ ಪರವಾಗಿ ರಣರಂಗದಲ್ಲಿದ್ದರು. ಹಾಡಿನ ಪಲ್ಲವಿ ತಾತಾರರ ಜಾನಪದ ಗೀತೆಯಿಂದ ಬಂದದ್ದು. ಇದು ಮನೆತನದ ನೆನಪು, ಇತಿಹಾಸ, ರಾಜಕೀಯವಲ್ಲ ಎಂದು ಒಕ್ಕೂಟ ಒಪ್ಪಿಗೆ ಕೊಟ್ಟಿತು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಿದ್ದರಿಂದ ಕೇಳಿದವರು ಇಸವಿಯನ್ನು ಎಪ್ಪತ್ತು ವರ್ಷ ಮುಂದೆ ತಂದು ಓದಿಕೊಂಡರು. ಸ್ಟಾಕ್‌ಹೋಮಿನಲ್ಲಿ ಹಾಡು 534 ಅಂಕಗಳೊಡನೆ ಗೆದ್ದಿತು.

ಅಂಕಪಟ್ಟಿಯ ಒಂದು ಸಾಲು ಈ ಓದಿಗೆ ತಡೆ ಒಡ್ಡುತ್ತದೆ. ಉಕ್ರೇನಿನ ತೀರ್ಪುಗಾರರು ರಷ್ಯಾಕ್ಕೆ, ರಷ್ಯಾದ ತೀರ್ಪುಗಾರರು ಉಕ್ರೇನಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಆದರೆ ಮನೆಯಲ್ಲಿ ಕೂತು ಫೋನಿನಿಂದ ಮತ ಹಾಕಿದ ಉಕ್ರೇನಿನ ಜನ ರಷ್ಯಾದ ಗಾಯಕನಿಗೆ ಪೂರಾ 12 ಅಂಕ ಕೊಟ್ಟರು, ರಷ್ಯಾದ ಜನ ಜಮಾಲಾಗೆ 10 ಕೊಟ್ಟರು. ಯುದ್ಧ ನಡೆಯುತ್ತಿದ್ದ ವರ್ಷದಲ್ಲಿ ಎರಡೂ ಕಡೆಯ ಸಾಮಾನ್ಯ ಕೇಳುಗರು ಹೀಗೆ ಮತ ಹಾಕಿದ್ದರು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರುಮಾಡಿತು. ಮರುದಿನವೇ ಒಕ್ಕೂಟ ರಷ್ಯಾವನ್ನು ಆ ವರ್ಷದ ಸ್ಪರ್ಧೆಯಿಂದ ಹೊರಗಿಟ್ಟಿತು. ಉಕ್ರೇನಿನ ಹಾಡು ‘ಸ್ಟೆಫಾನಿಯಾ’ ಅದಕ್ಕೆ ಮುಂಚೆಯೇ ಸಿದ್ಧವಾಗಿತ್ತು. ಕಲುಷ್ ಆರ್ಕೆಸ್ಟ್ರಾ ತಂಡದ ಒಲೆಹ್ ಪ್ಸ್ಯೂಕ್ ಅದನ್ನು ಬರೆದದ್ದು ತನ್ನ ತಾಯಿಗಾಗಿ, ಹಾಡಿನ ಹೆಸರು ಆಕೆಯ ಹೆಸರೇ. ದಾಳಿಯ ನಂತರ ಅದರ ಸಾಹಿತ್ಯವನ್ನು ಯಾರೂ ತಿದ್ದಲಿಲ್ಲ. ಆದರೆ ಮೇ ತಿಂಗಳಲ್ಲಿ ಟ್ಯೂರಿನ್ ವೇದಿಕೆಗೆ ಬರುವ ಹೊತ್ತಿಗೆ ತಾಯಿ ಎಂದರೆ ತಾಯ್ನಾಡು ಎಂದೇ ಯುರೋಪಿನ ಕಿವಿಗೆ ಬೀಳುತ್ತಿತ್ತು. ತೀರ್ಪುಗಾರರು ಅದನ್ನು ನಾಲ್ಕನೆಯ ಸ್ಥಾನದಲ್ಲಿಟ್ಟರು, ಜನ 439 ಅಂಕ ಕೊಟ್ಟು ಗೆಲ್ಲಿಸಿದರು. ಗೆದ್ದ ಮರುದಿನ ಹಾಡಿನ ವಿಡಿಯೊ ಹೊರಬಂತು. ಬುಚಾ, ಇರ್ಪಿನ್, ಬೊರೊದ್ಯಾಂಕಾ, ಹೊಸ್ತೊಮೆಲ್ ಊರುಗಳಲ್ಲಿ ಅದರ ಚಿತ್ರೀಕರಣ ನಡೆದಿತ್ತು. ಸೀಳಿ ನಿಂತ ಮನೆಗಳ ನಡುವಿನಿಂದ ಸಮವಸ್ತ್ರದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ನಡೆದು ಬರುವುದು ಅದರಲ್ಲಿ ಕಾಣುತ್ತದೆ.