ಬಿರುದು ಹೋಗಿ ಅಡ್ಡಹೆಸರಾದಾಗ

ನಮ್ಮ ಆಸ್ಪತ್ರೆಯ ಫಾರ್ಮಸಿ ಕೌಂಟರಿಗೆ ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಮಾತ್ರೆಗೆ ಬರುವ ಹಿರಿಯರೊಬ್ಬರಿದ್ದಾರೆ. ವಿಜಯಪುರ ಜಿಲ್ಲೆಯ ನಮ್ಮೂರಿನವರೇ. ಇಲ್ಲಿ ಕಂಪನಿಯೊಂದರ ಬಸ್ ಓಡಿಸುತ್ತಾರೆ. ಅವರ ಅಡ್ಡಹೆಸರು ವಾಲೀಕಾರ, ನನ್ನದು ಪಾಟೀಲ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಾನು ಕಾಕಾ ಅನ್ನುತ್ತೇನೆ. ಅವರು ಮಾತ್ರ ನನ್ನನ್ನು "ಗೌಡ್ರ" ಅಂತಲೇ ಕರೆಯುತ್ತಾರೆ. ಹೆಸರು ಹಿಡಿದು ಕರೀರಿ ಅಂದರೆ "ಬಾಯಿಗೆ ಬರಂಗಿಲ್ರಿ" ಎಂದು ನಗುತ್ತಾರೆ. ಕಂಪ್ಯೂಟರಿಗೆ ನಮ್ಮಿಬ್ಬರದೂ ಬರೀ ಸರ್‌ನೇಮ್. ಪಕ್ಕದಲ್ಲಿ ಕೂರುವ ಫಿಲಿಪ್ಪೀನ್ಸಿನ ಹುಡುಗಿಗೂ ಅಷ್ಟೇ. ಹುದ್ದೆ, ಬಿರುದು ರದ್ದಾದ ಮೇಲೆ ಹೆಸರಿಗೆ ಏನಾಗುತ್ತದೆ ಎಂದು ನಾನು ಓದಲು ಶುರು ಮಾಡಿದ್ದು ಹೀಗೆ.

ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದ ಎರಡು ನೆರೆಯ ದೇಶಗಳು ಜರ್ಮನಿ ಮತ್ತು ಆಸ್ಟ್ರಿಯ. ಮೊದಲ ಮಹಾಯುದ್ಧ ಸೋತು 1918ರ ನವೆಂಬರಿನಲ್ಲಿ ಎರಡೂ ಕಡೆ ಚಕ್ರವರ್ತಿಗಳು ಅಧಿಕಾರ ಬಿಟ್ಟರು. ಮರುವರ್ಷ ಎರಡೂ ಗಣರಾಜ್ಯಗಳು ಶ್ರೀಮಂತ ಮನೆತನಗಳ ಬಿರುದುಗಳಿಗೆ ಕೈ ಹಾಕಿದವು. ಆದರೆ ಒಂದೇ ರೀತಿಯಲ್ಲಲ್ಲ.

ಆಸ್ಟ್ರಿಯ 1919ರ ಏಪ್ರಿಲ್ 3ರ ಕಾನೂನಿನಿಂದ ಪ್ರಿನ್ಸ್, ಕೌಂಟ್ ಮುಂತಾದ ಬಿರುದುಗಳನ್ನಷ್ಟೇ ಅಲ್ಲ, ಹೆಸರಿನ ನಡುವಿನ "ಫೊನ್" ಎಂಬ ಪುಟ್ಟ ಪದವನ್ನೂ ಕತ್ತರಿಸಿತು. ಬಳಸಿದರೆ 20,000 ಕ್ರೋನೆವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ಆಮೇಲೆ ಹಣದುಬ್ಬರ ಬಂತು, ನಾಣ್ಯಗಳೇ ಬದಲಾದವು. ಇವತ್ತಿನ ಲೆಕ್ಕಕ್ಕೆ ಆ ದಂಡ ಕಾಲು ಯೂರೋ ಕೂಡ ಆಗದು. ಒಂದು ಜ್ವರದ ಮಾತ್ರೆಯ ಪಟ್ಟಿಯೂ ಬರಲಿಕ್ಕಿಲ್ಲ!

ಜರ್ಮನಿ ಬೇರೆ ದಾರಿ ಹಿಡಿಯಿತು. ಅದೇ ವರ್ಷದ ಆಗಸ್ಟಿನ ವೈಮಾರ್ ಸಂವಿಧಾನದ 109ನೇ ವಿಧಿಯ ಪ್ರಕಾರ ಹೊಸ ಬಿರುದು ಕೊಡುವಂತಿಲ್ಲ, ಹುಟ್ಟಿನಿಂದ ಯಾರಿಗೂ ಹೆಚ್ಚಿನ ಹಕ್ಕಿಲ್ಲ. ಹಳೆಯ ಬಿರುದು ಮಾತ್ರ ಹೆಸರಿನ ಭಾಗವಾಗಿ ಉಳಿಯಬಹುದು. ಅಂದರೆ "ಗ್ರಾಫ್", ನಮ್ಮ ಮಾತಿನಲ್ಲಿ ಕೌಂಟ್, ಬಿರುದಾಗಿ ಸತ್ತು ಅಡ್ಡಹೆಸರಾಗಿ ಹುಟ್ಟಿತು. ಅಡ್ಡಹೆಸರಾದ ಮೇಲೆ ಅದು ದತ್ತು ಹೋದವರಿಗೂ ಬರುತ್ತದಲ್ಲ? ಮುಂದೆ ಹಣ ಕೊಟ್ಟು, ವಯಸ್ಸಾದ ಮೇಲೆ ದತ್ತು ಹೋಗಿ "ಪ್ರಿನ್ಸ್" ಆದವರೂ ಉಂಟು.

ಕೊನೆಯ ಚಕ್ರವರ್ತಿ ಕಾರ್ಲ್‌ನ ಮಗ ಜರ್ಮನಿಯ ಪೌರನಾಗಿ ಒಟ್ಟೊ ಫೊನ್ ಹ್ಯಾಬ್ಸ್‌ಬರ್ಗ್ ಎಂಬ ಹೆಸರಿನಲ್ಲಿ ಯುರೋಪಿನ ಸಂಸತ್ತಿಗೆ ಆಯ್ಕೆಯಾದ. ಆಸ್ಟ್ರಿಯದ ದಾಖಲೆಯಲ್ಲಿ ಅದೇ ಮನುಷ್ಯ ಬರೀ ಒಟ್ಟೊ ಹ್ಯಾಬ್ಸ್‌ಬರ್ಗ್-ಲೋಥ್ರಿಂಗೆನ್. ಪಾಸ್‌ಪೋರ್ಟಿನಲ್ಲೊಂದು, ಸರ್ಟಿಫಿಕೇಟಿನಲ್ಲೊಂದು ಹೆಸರಿದ್ದು ಒದ್ದಾಡಿದ ನಮ್ಮವರಿಗೆ ಇದು ಬೇಗ ಅರ್ಥವಾದೀತು. ಜರ್ಮನಿಯಲ್ಲಿ ದತ್ತು ಹೋಗಿ ರಾಜಕುಮಾರಿಯ ಹೆಸರು ಪಡೆದಿದ್ದ ಆಸ್ಟ್ರಿಯದ ಮಹಿಳೆಯೊಬ್ಬರು ತಮ್ಮ ದೇಶ ಅದನ್ನು ಕತ್ತರಿಸಿದಾಗ ಯುರೋಪಿನ ನ್ಯಾಯಾಲಯದವರೆಗೆ ಹೋದರು. 2010ರಲ್ಲಿ ತೀರ್ಪು ಆಸ್ಟ್ರಿಯದ ಪರವಾಯಿತು: ಸಮಾನತೆಗಾಗಿ ಗಣರಾಜ್ಯವೊಂದು ಹೀಗೆ ಕತ್ತರಿಸಬಹುದು.

ಜರ್ಮನಿಯಲ್ಲಿ ಹೆಸರಿನ ಜೊತೆ ಆಸ್ತಿಯೂ ಬಹುಪಾಲು ಉಳಿಯಿತು. ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆಂದು 1926ರ ಜೂನ್ 20ರಂದು ಜನಮತ ನಡೆಯಿತು. ಸುಮಾರು 1.45 ಕೋಟಿ ಜನ ಹೌದು ಎಂದರು. ಒಟ್ಟು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಬೇಕಿದ್ದರಿಂದ ಅದು ಬಿದ್ದುಹೋಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮುತ್ಯಾ.

ನಮ್ಮ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದುಮಾಡಿದರೂ ರಾಜರ ಮಾನ್ಯತೆ, ರಾಜಧನ 1971ರ 26ನೇ ತಿದ್ದುಪಡಿಯವರೆಗೆ ಮುಂದುವರಿದವು. ಮೈಸೂರು ದಸರೆಯಲ್ಲಿ ಮಹಾರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಗೆ ಚಾಮುಂಡೇಶ್ವರಿ ಬಂದ ಕತೆ ಎಲ್ಲರಿಗೂ ಗೊತ್ತು. ಹಳ್ಳಿಯ ಸಣ್ಣ ದೊರೆತನದ ಕತೆಯನ್ನು ಹೇಳುವವರು ಕಡಿಮೆ. ಪಾಟೀಲ, ಕುಲಕರ್ಣಿ, ಶಾನುಭೋಗ, ತಳವಾರ, ವಾಲೀಕಾರ ಇವೆಲ್ಲ ತಂದೆಯಿಂದ ಮಗನಿಗೆ ಬರುತ್ತಿದ್ದ ಕೆಲಸಗಳು. ಅವುಗಳಿಗೆ ವತನದ ಹೊಲವೂ ಇರುತ್ತಿತ್ತು. ಆಗಿನ ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಯಾಯಿತು. ಹುದ್ದೆಗಳು ಹೋದವು, ನಮ್ಮಲ್ಲೂ ಜರ್ಮನಿಯಂತೆ ಅಡ್ಡಹೆಸರುಗಳು ಉಳಿದವು. ಹಣ ಕಟ್ಟಿದರೆ ವತನದ ಹೊಲ ಅದೇ ಮನೆತನಕ್ಕೆ ಮರುಮಂಜೂರಾಗುವ ಅವಕಾಶವೂ ಕಾಯ್ದೆಯಲ್ಲಿತ್ತು.

ಮುತ್ಯಾ ನಮ್ಮೂರಿನ ಕೊನೆಯ ಪಾಟೀಲ. ಅವರು ಕಂದಾಯ ಕಟ್ಟಲು ತಾಲೂಕಿಗೆ ಹೊರಟರೆ ಹಣದ ಗಂಟು ಹೊತ್ತು ಹಿಂದೆ ನಡೆದವರು ಈ ಕಾಕಾನ ಅಪ್ಪ. ನಮ್ಮ ಹೊಲ ನಮಗೆ ಮರುಮಂಜೂರಾಯಿತು. ಅದರ ಬೆಳೆಯ ದುಡ್ಡಿನಲ್ಲಿ ನಾನು ಡಿ.ಫಾರ್ಮಾ ಓದಿದೆ. ವಾಲೀಕಾರರಿಗೂ ಎರಡು ಎಕರೆ ಬರಬೇಕಿತ್ತು, ಬರಲಿಲ್ಲ. ಹಣ ಹೊಂದಿಸಿ, ಅರ್ಜಿ ಬರೆಸಿ, ಕಚೇರಿಗೆ ಓಡಾಡಬೇಕಿತ್ತು. ಊರಲ್ಲಿ ಅರ್ಜಿ ಬರೆಯಬಲ್ಲವರು ನಾಲ್ಕೈದು ಮಂದಿ, ಅವರಲ್ಲಿ ನಮ್ಮ ಮುತ್ಯಾನೂ ಒಬ್ಬರು. ಅವರು ಯಾಕೆ ಬರೆದುಕೊಡಲಿಲ್ಲ ಎಂದು ನಾನು ಮನೆಯಲ್ಲಿ ಕೇಳಲೇ ಇಲ್ಲ. ಕಾಕಾ ಕೂಡ ಆ ಮಾತು ಎತ್ತಿದವರಲ್ಲ.

ಕಳೆದ ತಿಂಗಳು ಮಾತ್ರೆ ತೆಗೆದುಕೊಳ್ಳುವಾಗ ಒಂದು ಸುದ್ದಿ ಹೇಳಿದರು. ಊರಲ್ಲಿ ಮಗನಿಗೆ ಪಾಸ್‌ಪೋರ್ಟ್ ಮಾಡಿಸುತ್ತಿದ್ದಾರೆ. ಅವನು ವಾಲೀಕಾರ ಅಂತ ಹಾಕಿಸುವುದಿಲ್ಲವಂತೆ, ಅಪ್ಪನ ಹೆಸರೇ ಸಾಕಂತೆ.

"ನೀವೇನಂತೀರಿ ಗೌಡ್ರ?"

ನಾನು ಲೇಬಲ್ ಅಂಟಿಸುತ್ತಿದ್ದೆ. "ಅವನ ಹೆಸರು ಕಾಕಾ, ಅವನಿಗೇ ಬಿಡ್ರಿ" ಅಂದೆ. ಮಾತ್ರೆ ಊಟದ ಜೊತೆಗೇ ತಗೋಬೇಕು ಅಂತ ಇನ್ನೊಮ್ಮೆ ಹೇಳಿ ಚೀಲ ಕೊಟ್ಟೆ.