ಸರಿಯೋ ಬೆಸವೋ: ಮಕ್ಕಳ ಕೈಯೊಳಗಿನ ನ್ಯಾಯ

ಯಾವ ಆಟವೇ ಇರಲಿ, ಆರಂಭಕ್ಕೆ ಮುನ್ನ ಒಂದು ತಕರಾರು ಬಗೆಹರಿಯಬೇಕು. ಕಣ್ಣಾಮುಚ್ಚಾಲೆಯಲ್ಲಿ ಕಳ್ಳನಾಗುವವರು ಯಾರು? ಚಿನ್ನಿದಾಂಡಿನಲ್ಲಿ ಮೊದಲ ಸರದಿ ಯಾರದು? ಹಿರಿಯರ ಬಳಿ ದೂರು ಒಯ್ಯದೆ ಮಕ್ಕಳು ತಮ್ಮತಮ್ಮಲ್ಲೇ ಇದನ್ನು ತೀರ್ಮಾನಿಸಿಕೊಳ್ಳುವ ಕೈಯಾಟಗಳು ಕನ್ನಡ ನಾಡಿನಲ್ಲಿ ಹಲವು. ಅವುಗಳಲ್ಲಿ ಮೂರರ ಪರಿಚಯ ಇಲ್ಲಿದೆ.

ಸರಿ-ಬೆಸ

ಇದು ಇಬ್ಬರ ಆಟ. ಒಬ್ಬರು ಹುಣಸೆ ಬೀಜ ಅಥವಾ ಹರಳುಗಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರೆ. ಇನ್ನೊಬ್ಬರು ‘ಸರಿ’ ಅಥವಾ ‘ಬೆಸ’ ಎಂದು ಹೇಳಬೇಕು. ಬಳಿಕ ಮುಷ್ಟಿ ತೆರೆದು ಎರಡೆರಡಾಗಿ ಎಣಿಸಲಾಗುತ್ತದೆ. ಒಂದು ಉಳಿದರೆ ಬೆಸ, ಉಳಿಯದಿದ್ದರೆ ಸರಿ. ಎಲ್ಲರ ಕಣ್ಣೆದುರೇ ಎಣಿಕೆ ನಡೆಯುವುದರಿಂದ ವಾದಕ್ಕೆ ಎಡೆಯಿಲ್ಲ. ಪ್ರಾಚೀನ ರೋಮಿನಲ್ಲೂ ಇಂಥದೇ ಆಟವಿತ್ತು. ಔತಣದ ವೇಳೆ ಈ ಆಟವಾಡಲೆಂದು ಅತಿಥಿಗಳಿಗೆ ತಲಾ 250 ನಾಣ್ಯ ಕೊಟ್ಟುದಾಗಿ ಚಕ್ರವರ್ತಿ ಅಗಸ್ಟಸ್ ಮಗಳಿಗೆ ಬರೆದ ಪತ್ರವನ್ನು ಇತಿಹಾಸಕಾರ ಸ್ವೆಟೋನಿಯಸ್ ಉಲ್ಲೇಖಿಸಿದ್ದಾನೆ.

ಅವಲಕ್ಕಿ ಪವಲಕ್ಕಿ

ಮಕ್ಕಳು ದುಂಡಗೆ ಕುಳಿತು ಎರಡೂ ಅಂಗೈಗಳನ್ನು ನೆಲಕ್ಕೆ ಊರುತ್ತಾರೆ. ಒಬ್ಬರು ಈ ಹೆಸರಿನ ಎಣಿಕೆಪದವನ್ನು ಹೇಳುತ್ತ, ಮಾತಿಗೊಂದು ಕೈಯಂತೆ ಮುಟ್ಟುತ್ತ ಸಾಗುತ್ತಾರೆ. ಕೊನೆಯ ಮಾತು ಬಿದ್ದ ಕೈ ಹಿಂದೆ ಸರಿಯುತ್ತದೆ. ಕಡೆಗೆ ಉಳಿದ ಕೈಯವರೇ ಕಳ್ಳ ಎಂದು ಮೊದಲೇ ಒಪ್ಪಂದವಾಗಿರುತ್ತದೆ.

ನೋಟಕ್ಕೆ ಇದು ಅದೃಷ್ಟದ ಆಟ. ವಾಸ್ತವದಲ್ಲಿ ಶುದ್ಧ ಲೆಕ್ಕ. ಐವರು ಮಕ್ಕಳ ಹತ್ತು ಕೈಗಳಿದ್ದು, ಪದಕ್ಕೆ 12 ಪೆಟ್ಟುಗಳಿದ್ದರೆ, ಕೊನೆಯ ಪೆಟ್ಟು ಆರಂಭದಿಂದ ಎರಡನೆಯ ಕೈಗೇ ಬೀಳುತ್ತದೆ. ಆದ್ದರಿಂದ ಯಾವ ಕೈಯಿಂದ ಎಣಿಕೆ ಆರಂಭವಾಯಿತು ಎಂಬುದೇ ಫಲವನ್ನು ನಿರ್ಧರಿಸುತ್ತದೆ. ಲೆಕ್ಕ ಬಲ್ಲ ಹಿರಿಯ ಹುಡುಗ ತಾನು ಪಾರಾಗುವಂತೆ ಎಣಿಸಬಲ್ಲ. ಆಗ ಗುಂಪಿಗೆ ಹೊಸದಾಗಿ ಸೇರಿದ ಚಿಕ್ಕ ಮಗುವೇ ಸಲಸಲವೂ ಕಳ್ಳನಾಗಬೇಕಾಗುತ್ತದೆ. ಇದಕ್ಕೆ ಪರಿಹಾರ ಸರಳ: ಎಣಿಸುವವರು ಒಬ್ಬರು, ಆರಂಭದ ಕೈಯನ್ನು ತೋರಿಸುವವರು ಇನ್ನೊಬ್ಬರಾಗಬೇಕು.

ಅಂಗೈ ಮೇಲೆ, ಅಂಗೈ ಕೆಳಗೆ

ಎಲ್ಲರೂ ಒಮ್ಮೆಲೇ ಕೈ ಚಾಚುತ್ತಾರೆ. ಕೆಲವರ ಅಂಗೈ ಮೇಲ್ಮುಖ, ಕೆಲವರದು ಕೆಳಮುಖ. ಉಳಿದೆಲ್ಲರಿಗಿಂತ ಬೇರೆಯಾಗಿ ಹಿಡಿದ ಒಬ್ಬರು ಪಾರು. ಮೂವರು ಆಡಿದರೆ ಒಟ್ಟು ಎಂಟು ಸಾಧ್ಯತೆಗಳುಂಟು. ಅವುಗಳಲ್ಲಿ ಆರರಲ್ಲಿ ಒಬ್ಬರು ಬೇರೆಯಾಗುತ್ತಾರೆ, ಎರಡರಲ್ಲಿ ಮಾತ್ರ ಆಟ ಮರುಕಳಿಸುತ್ತದೆ. ಮಂದಿ ಹೆಚ್ಚಿದಂತೆ ತೀರ್ಮಾನ ತಡವಾಗುತ್ತದೆ.

ದೊಡ್ಡವರ ವ್ಯವಹಾರದಲ್ಲೂ

ಕಲ್ಲು-ಕಾಗದ-ಕತ್ತರಿ ಆಟವೂ ಇದೇ ಜಾತಿಯದು. 2005ರಲ್ಲಿ ಜಪಾನಿನ ಮಾಸ್ಪ್ರೊ ಡೆಂಕೊ ಕಂಪನಿ ಸುಮಾರು 2 ಕೋಟಿ ಡಾಲರ್ ಬೆಲೆಯ ಚಿತ್ರಗಳ ಹರಾಜನ್ನು ಯಾರಿಗೆ ವಹಿಸಬೇಕೆಂಬುದನ್ನು ಈ ಆಟದಿಂದಲೇ ನಿರ್ಧರಿಸಿತು. ಕ್ರಿಸ್ಟೀಸ್ ಸಂಸ್ಥೆಯ ಅಧಿಕಾರಿಯೊಬ್ಬರು ತಮ್ಮ 11 ವರ್ಷದ ಅವಳಿ ಹೆಣ್ಣುಮಕ್ಕಳ ಸಲಹೆ ಕೇಳಿದರು. ಸಂಸ್ಥೆ ‘ಕತ್ತರಿ’ ಆರಿಸಿತು, ‘ಕಾಗದ’ ಆರಿಸಿದ ಸೋದಬೀಸ್ ಸೋತಿತು.

ಉಳಿಯುವುದು ಹೇಗೆ?

ಹುಲಗೂರು ಇರುವ ಶಿಗ್ಗಾವಿ ತಾಲೂಕಿನಲ್ಲೇ, ಗೊಟಗೋಡಿಯಲ್ಲಿ, 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಚಿನ್ನಿದಾಂಡನ್ನು ಸಂಗ್ರಹಾಲಯದಲ್ಲಿ ಇರಿಸಬಹುದು. ಕೈಯಾಟಕ್ಕೆ ಸಾಮಗ್ರಿಯೇ ಇಲ್ಲ. ಅದು ದೊಡ್ಡ ಮಗುವಿನಿಂದ ಚಿಕ್ಕ ಮಗುವಿಗೆ ದಾಟುತ್ತ ಉಳಿಯಬೇಕಾದದ್ದು. ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಅಂಗಳದಲ್ಲಿ ಸೇರದಿದ್ದರೆ ಆ ದಾರಿ ಮುಚ್ಚುತ್ತದೆ. ಓದುಗರು ತಮ್ಮ ಊರಿನ ಎಣಿಕೆಪದವನ್ನು, ಅದರ ಪೆಟ್ಟುಗಳ ಸಂಖ್ಯೆಯನ್ನು, ಸೋತವರಿಗೆ ವಿಧಿಸುತ್ತಿದ್ದ ನಿಯಮವನ್ನು ಬರೆದಿಟ್ಟುಕೊಳ್ಳುವುದು ಒಳಿತು. ಮನೆಯ ಮಕ್ಕಳೊಡನೆ ಕುಳಿತು ಒಮ್ಮೆ ಆಡುವುದು ಇನ್ನೂ ಒಳಿತು.