ಜಿ.ಎಸ್.ಟಿ. ರಸ್ತೆಯ ಹೆರಾಲ್ಡ್

ಕ್ರೋಂಪೇಟೆ ಎಂಬ ಹೆಸರು ಕೇಳಿ ಕಾರಿನ ಬಂಪರಿನ ಹೊಳಪನ್ನು ನೆನೆಯುವವರುಂಟು. ಹೆಸರು ಬಂದದ್ದು ಚರ್ಮ ಹದಮಾಡುತ್ತಿದ್ದ ಕ್ರೋಮ್ ಲೆದರ್ ಕಾರ್ಖಾನೆಯಿಂದ. ಲೋಹವೇನೋ ಒಂದೇ, ಚರ್ಮಕ್ಕೆ ಅದರ ಲವಣ, ಬಂಪರಿಗೆ ಅದರ ಲೇಪ. ಆದರೂ ನಮ್ಮ ಪೇಟೆಗೆ ಕಾರಿನ ನಂಟು ಇಲ್ಲದಿಲ್ಲ. ಇದೇ ಜಿ.ಎಸ್.ಟಿ. ರಸ್ತೆಯಲ್ಲಿ ತಾಂಬರಂ ದಾಟಿದರೆ ಪೆರುಂಗಳತ್ತೂರು, ವಂಡಲೂರು. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪೆನಿಯ ಕಾರ್ಖಾನೆ ಅಲ್ಲಿತ್ತು. 1961ರಿಂದ ಅಲ್ಲಿ ತಯಾರಾದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್.

ಮುಂಭಾಗವೆಲ್ಲ ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುವ, ಕಿರಿದಾದ ಬೀದಿಯಲ್ಲೂ ಸುಲಭವಾಗಿ ತಿರುಗುವ ಆ ಕಾರನ್ನು ಹಿರಿಯ ವಾಚಕರು ಮರೆತಿರಲಾರರು. ಅದರ ರೂಪ ಬರೆದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಫೆರಾರಿ ಕಾರುಗಳಿಗೆ ಅಂದದ ಮೈಕಟ್ಟು ಕೊಟ್ಟವರಲ್ಲಿ ಆತನೂ ಒಬ್ಬ. ಅಂಥ ಕಾರುಗಳು ಇಂದು ಕೋಟಿಗಟ್ಟಲೆ ಬೆಲೆಯವು. ಕೋಮೋ ಸರೋವರದ ದಡದ ವಿಲ್ಲಾ ದೆಸ್ತೆಯಲ್ಲಿ 1929ರಲ್ಲಿ ಆರಂಭವಾದ ‘ಕಾಂಕೂರ್’ನಂಥ ಸೌಂದರ್ಯ ಸ್ಪರ್ಧೆಗಳಲ್ಲಿ ಅವನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸಿ ತೀರ್ಪುಗಾರರು ಪರೀಕ್ಷಿಸುತ್ತಾರೆ. ಅದೇ ಕೈಯ ಇನ್ನೊಂದು ಕೂಸು ನಮ್ಮ ಪಕ್ಕದೂರಿನಲ್ಲಿ ಬೆಳೆಯಿತು. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು. ನಮ್ಮ ತುಂಬು ಸಂಸಾರಗಳಿಗೆ ಅದು ಸಾಲದೆಂದು ಇಲ್ಲಿ ನಾಲ್ಕು ಬಾಗಿಲಿನದನ್ನೂ ಮಾಡಿದರು. ಅದು ಭಾರತದಲ್ಲಿ ಮಾತ್ರ ದೊರೆತ ಕಾರು.

ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಲ್ಲಿ ಕಾರಿನ ಪಂದ್ಯವೂ ಪ್ರದರ್ಶನವೂ ಜೊತೆಯಾಗಿಯೇ ಹುಟ್ಟಿದವು. ಪಂದ್ಯ ಕಾಡಿನ ಮರಗಳ ನಡುವಿನ ರಸ್ತೆಯಲ್ಲಿ. 1956ರಲ್ಲಿ ಎರ್ನಿ ಮೆಕಾಫಿ ಎಂಬ ಚಾಲಕ ತನ್ನ ಫೆರಾರಿ ಮರಕ್ಕೆ ಬಡಿದು ಸತ್ತ. ಪಂದ್ಯ ಲಗೂನಾ ಸೆಕಾಗೆ ಹೋಯಿತು, ಪ್ರದರ್ಶನ ಅಲ್ಲೇ ಉಳಿಯಿತು. 2012ರಲ್ಲೂ 2018ರಲ್ಲೂ ಅಲ್ಲಿ ನಮ್ಮ ದೇಶದ ರಾಜಮಹಾರಾಜರ ಕಾರುಗಳಿಗೆಂದೇ ವಿಶೇಷ ವಿಭಾಗವಿತ್ತು. ಮೈಸೂರಿನ ಅರಸರು ರೋಲ್ಸ್‌ರಾಯ್ಸ್ ಕಾರುಗಳನ್ನು ಏಳೇಳರಂತೆ ಕೊಳ್ಳುತ್ತಿದ್ದರೆಂದೂ, ಆ ಕಂಪೆನಿಯಲ್ಲಿ ‘ಮೈಸೂರು ಮಾಡುವುದು’ ಎಂಬ ಮಾತೇ ಬಳಕೆಗೆ ಬಂತೆಂದೂ ಹೇಳುತ್ತಾರೆ. ಕೇಳಲು ನಮಗೆ ಹಿತವೇ!

ಮದರಾಸಿನಲ್ಲೂ ಪಂದ್ಯವಿತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ನಗರದ ಉತ್ತರಕ್ಕಿರುವ ಶೋಳವರಂನಲ್ಲಿ ಯುದ್ಧಕಾಲದ ವಿಮಾನದಾರಿಯ ಮೇಲೆ ಪಂದ್ಯ ನಡೆಸುತ್ತಿತ್ತು. ಗೊಂಡಲ್‌ನ ಅರಸುಮನೆತನದವರು, ಕೊಯಮತ್ತೂರಿನ ಕರಿವರ್ಧನ್ ಅಲ್ಲಿ ಓಡಿಸಿದರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ವಿಜಯ ಮಲ್ಯ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದರು. ದುಡ್ಡಿದ್ದವರ ಕಥೆ ಅದು. ಉಳಿದವರು ಫಿಯಟ್ಟು, ಹೆರಾಲ್ಡುಗಳ ಸೀಟು ಕಿತ್ತು, ಎಂಜಿನ್ನು ಬಿಚ್ಚಿ, ತಮ್ಮ ಕೈಯಾರೆ ಹದಗೊಳಿಸಿ ತರುತ್ತಿದ್ದರು. ನನಗೆ ಹೆಚ್ಚಿನವರೆನಿಸುವುದು ಈ ಮೆಕ್ಯಾನಿಕ್ಕುಗಳೇ. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕು ಆಯಿತು.

ಹೆರಾಲ್ಡಿನ ನಂತರ 1972ರಲ್ಲಿ ಗೆಝೆಲ್ ಬಂತು. 1985ರಲ್ಲಿ ಸ್ಟ್ಯಾಂಡರ್ಡ್ 2000 ಬಂತು. ಮೈ ರೋವರಿನದು, ಎಂಜಿನ್ನು ವ್ಯಾನ್‌ಗಾರ್ಡ್ ಕಾಲದ್ದು. ಪೆಟ್ರೋಲು ಕುಡಿಯುವ ಆ ಕಾರು ಜನಕ್ಕೆ ಹಿಡಿಸಲಿಲ್ಲ, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳಿಗೆ ಬರ. ಒಂದನ್ನು ಓಡಿಸಲು ಇನ್ನೊಂದನ್ನು ಬಿಚ್ಚಬೇಕು.

2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ‘ವಿ.ಎ.’ ಅಕ್ಷರಗಳುಳ್ಳ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹೆರಾಲ್ಡುಗಳ ವಯಸ್ಸಂತೂ ಆಗಿದೆ. ಆದರೆ ಚಾಸಿ, ಮೈ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಟು ಇರಕೂಡದು. ಪಂದ್ಯಕ್ಕೆಂದು ಬಿಚ್ಚಿ ಕಟ್ಟಿದ ಶೋಳವರಂ ಕಾರುಗಳಿಗೆ ಈ ಬಾಗಿಲು ತೆರೆಯುವುದು ಕಷ್ಟ. ಇತಿಹಾಸವಿರುವುದೇ ಆ ಮಾರ್ಪಾಟಿನಲ್ಲಿ ಎಂಬುದನ್ನು ನಿಯಮ ಬರೆದವರು ಯೋಚಿಸಿದಂತಿಲ್ಲ. ಮನೆಯ ಶೆಡ್ಡಿನಲ್ಲಿ ಮಾರ್ಪಡದ ಹೆರಾಲ್ಡು ಇರುವವರು ಹಳೆಯ ಆರ್.ಸಿ. ಪುಸ್ತಕವನ್ನು ರದ್ದಿಗೆ ಹಾಕದಿರಲಿ. ಅರ್ಜಿಯೊಡನೆ ಅದನ್ನು ಕೇಳುತ್ತಾರೆ.